ಚಿತ್ರವೇಷವೂ ಚರಿತ್ರೆಯೂ

ಚಲಚ್ಚಿತ್ರದ ನಾಯಕನಂತೆ ಉಡುಪು ಹೊಲಿಸಿ ತೊಟ್ಟು ವಸ್ತುಸಂಗ್ರಹಾಲಯಕ್ಕೆ ಹೋಗುವುದು ವಿನೋದವೇ ಸರಿ. ಆದರೆ ವೇಷವನ್ನೇ ಚರಿತ್ರೆಯೆಂದು ಬಗೆಯಲಾಗದು.

ಸ್ಕಾಟ್ಲೆಂಡಿನ ವೀರ ವಿಲಿಯಂ ವಾಲೇಸನು 1297ರಲ್ಲಿ ಸ್ಟರ್ಲಿಂಗ್ ಸೇತುವೆಯ ಬಳಿ ಆಂಗ್ಲರನ್ನು ಸೋಲಿಸಿ, 1305ರಲ್ಲಿ ಲಂಡನ್ನಿನಲ್ಲಿ ಮರಣದಂಡನೆಗೆ ಗುರಿಯಾದನು. 1995ರ ‘ಬ್ರೇವ್‌ಹಾರ್ಟ್’ ಚಿತ್ರವು ಅವನಿಗೆ ಚೌಕಳಿಯ ಕಂಬಳಿಯನ್ನು ನಡುಪಟ್ಟಿ ಬಿಗಿದು ಉಡಿಸಿ, ಮುಖಕ್ಕೆ ನೀಲಿ ಬಳಿಯಿತು. ಅಂತಹ ಉಡುಗೆ ಕಾಣಬರುವುದು ಹದಿನಾರನೆಯ ಶತಮಾನದ ಕಡೆಗೆ. ನೀಲಿಯಾದರೋ, ವಾಲೇಸನಿಗಿಂತ ಸಾವಿರಕ್ಕೂ ಮಿಕ್ಕಿ ವರ್ಷ ಹಿಂದಿನ ಬ್ರಿಟನ್ನರದೆಂದು ರೋಮನರು ಬರೆದಿರುವ ವಾಡಿಕೆ.

ಸ್ಟರ್ಲಿಂಗಿನಲ್ಲಿ 1869ರಲ್ಲಿ ಮುಗಿದ ವಾಲೇಸ್ ಸ್ಮಾರಕಗೋಪುರದ ಪ್ರದರ್ಶನಶಾಲೆಯಲ್ಲಿ ಅವನದೆನ್ನಲಾದ ಖಡ್ಗವಿದೆ. ಅದರೆದುರು ಚಿತ್ರವೇಷದಲ್ಲಿ ನಿಂತವನನ್ನು ಕಂಡ ಮಗುವು ಅದನ್ನೇ ಪ್ರಮಾಣವೆಂದು ನಂಬೀತು. ಆದಕಾರಣ ವೇಷ ತೊಡುವವರು ತೊಡಲಿ. ಯಾವುದು ಚಿತ್ರದ್ದು, ಯಾವುದು ಕಾಲದ್ದು ಎಂಬುದನ್ನು ಅರಿತು, ಕೇಳಿದ ಮಕ್ಕಳಿಗೆ ತಿಳಿಸಲಿ.