ಮಂಚ ಹತ್ತೇ, ಕೆಲಸ ಇಮ್ಮಡಿ: ಹೆರಿಗೆ ವಾರ್ಡಿನ ದಾದಿಯರ ಲೆಕ್ಕ

ರೋಗಿ ಬೇಗ ಮನೆಗೆ ಹೋದರೆ ದಾದಿಗೆ ಕೆಲಸ ಕಡಿಮೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವ ಬೇರೆಯೇ ಇದೆ.

ಯಾದಗಿರಿ, ಶಹಾಪುರ, ಸುರಪುರಗಳನ್ನೇ ತೆಗೆದುಕೊಳ್ಳೋಣ. 2005ರಲ್ಲಿ ರಚನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಪ್ರದೇಶ 2010ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಜನನಿ ಸುರಕ್ಷಾ ಯೋಜನೆ (2005) ಮತ್ತು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ (2011) ಬಡ ತಾಯಂದಿರನ್ನು ಸರಕಾರಿ ಆಸ್ಪತ್ರೆಯತ್ತ ಕರೆತಂದವು. ಇದು ಸಂತೋಷದ ವಿಷಯ. ಸಹಜ ಹೆರಿಗೆಯಾದ ತಾಯಿ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿರಬೇಕೆಂಬುದು ನಿಯಮ. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳು, ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಇರುವಾಗ ಆ ತಾಯಿಗೆ ಹೊರಡುವ ಆತುರ ಸಹಜವೇ.

ಹತ್ತು ಮಂಚಗಳ ಒಂದು ವಾರ್ಡನ್ನು ಊಹಿಸಿರಿ. ಪ್ರತಿಯೊಬ್ಬರೂ ಐದು ದಿನ ಇದ್ದರೆ ದಿನಕ್ಕೆ ಇಬ್ಬರು ದಾಖಲು, ಇಬ್ಬರು ಬಿಡುಗಡೆ. ಎರಡೇ ದಿನ ಇದ್ದರೆ ಐವರು ದಾಖಲು, ಐವರು ಬಿಡುಗಡೆ. ಮಧ್ಯರಾತ್ರಿ ಎಣಿಸಿದರೆ ಎರಡೂ ಕಡೆ ಹತ್ತೇ ಜನ! ದಾದಿಯರ ಸಂಖ್ಯೆ ನಿಗದಿಯಾಗುವುದು ಮಾತ್ರ ಹೆಚ್ಚಾಗಿ ಈ ಮಂಚದ ಲೆಕ್ಕದ ಮೇಲೆಯೇ.

ಕೆಲಸ ಹೆಚ್ಚಿರುವುದು ಮೊದಲ ದಿನ ಮತ್ತು ಹೊರಡುವ ದಿನ. ಬಿ.ಪಿ., ರಕ್ತಸ್ರಾವದ ಮೇಲೆ ಕಣ್ಣು, ಮಗುವಿನ ತೂಕ, ಮೊದಲ ಎದೆಹಾಲು, ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆ, ತಾಯಿ ಕಾರ್ಡಿನ ಬರವಣಿಗೆ. ಅಂದಹಾಗೆ, ಆರೋಗ್ಯವಂತ ಶಿಶುವಿಗೆ ಸಾಮಾನ್ಯವಾಗಿ ಬೇರೆ ಮಂಚದ ಲೆಕ್ಕವೇ ಇಲ್ಲ. ಆರೈಕೆ ಮಾತ್ರ ಇಬ್ಬರಿಗೂ ಬೇಕು. ದೀರ್ಘಕಾಲ ಇರುವವರ ನಡುವೆ ಸಿಗುವ ಹಗುರ ದಿನಗಳು ಇಲ್ಲಿಲ್ಲ.

ಸಾಮಾನ್ಯ ವಾರ್ಡುಗಳಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರೆಡೆ ಐವರಿಗೆ ಒಬ್ಬ ದಾದಿ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಅದೂ ತಲೆಯೆಣಿಕೆಯೇ. ಇದು ಬರೀ ದಣಿವಿನ ಪ್ರಶ್ನೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಶಸ್ತ್ರಚಿಕಿತ್ಸಾ ರೋಗಿಗಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾದಿಯೊಬ್ಬರಿಗೆ ಒಬ್ಬ ರೋಗಿ ಹೆಚ್ಚಾದಾಗ 30 ದಿನಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರಿದ್ದು ಕಂಡುಬಂತು. ಹೆರಿಗೆ ವಾರ್ಡಿನಲ್ಲಿ ತೀವ್ರ ರಕ್ತಸ್ರಾವದ ಅಪಾಯ ಹೆಚ್ಚಿರುವುದು ಮೊದಲ 24 ಗಂಟೆಗಳಲ್ಲೇ.

ಹಾಗಾಗಿ ಮಂಚಗಳ ಜೊತೆಗೆ ದಿನದ ದಾಖಲಾತಿ, ಬಿಡುಗಡೆಗಳನ್ನೂ ಎಣಿಸಿ ಪಾಳಿ ಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಬೆಳಗಿನ ಪಾಳಿಯಲ್ಲಿ ಒಬ್ಬರನ್ನು ಬಿಡುಗಡೆಗೆಂದೇ ಮೀಸಲಿಟ್ಟರೂ ಪ್ರಯೋಜನವಿದೆ. ಜ್ವರ ಬಂದರೆ, ರಕ್ತ ಹೆಚ್ಚು ಹೋದರೆ, ಮಗು ಹಾಲು ಕುಡಿಯದಿದ್ದರೆ ತಕ್ಷಣ ಬರಬೇಕು, ಮುಂದಿನ ಲಸಿಕೆ ಒಂದೂವರೆ ತಿಂಗಳಿಗೆ ಎಂದು ತಾಯಿಗೂ ಅತ್ತೆಗೂ ಕೂರಿಸಿ ಹೇಳಲು ಅವರಿಗೆ ಹತ್ತು ನಿಮಿಷ ಸಿಗುತ್ತದೆ.