ಆರೋಗ್ಯಕ್ಕೂ ಭಾಗ್ಯಕ್ಕೂ ಇರುವ ನಂಟು

ಆರೋಗ್ಯವೇ ಭಾಗ್ಯ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇವೆ. ಅದನ್ನೇ ಒಮ್ಮೆ ತಿರುವಿ ಹಾಕಿ ನೋಡಿದರೆ ಅಷ್ಟೇ ದಿಟವಾದ ಇನ್ನೊಂದು ಮಾತು ಹೊರಡುತ್ತದೆ: ಭಾಗ್ಯವಿದ್ದವರಿಗೆ ಆರೋಗ್ಯವೂ ಸುಲಭ. ಹೊಟ್ಟೆ ತುಂಬ ಊಟ, ಗಾಳಿಯಾಡುವ ಮನೆ, ಒಂದು ದಿನ ಕೆಲಸ ಬಿಟ್ಟರೂ ನಿಲ್ಲದ ಪಗಾರ, ಇವು ಇದ್ದವರಿಗೆ ಬೇನೆ ಬರುವುದೂ ಕಡಿಮೆ, ಬಂದರೆ ವಾಸಿಯಾಗುವುದೂ ಬೇಗ. ಈಗ ಕೈಯಲ್ಲೊಂದು ಫೋನಿದ್ದರೆ ಡಾಕ್ಟರರೇ ಮನೆಗೆ ಬಂದಂತೆ ಎನ್ನುವ ಕಾಲ ಬಂದಿದೆ. ಹಾಗಾದರೆ ಬಡತನಕ್ಕೂ ಬೇನೆಗೂ ಇರುವ ಹಳೆಯ ನಂಟು ಈ ಫೋನಿನಿಂದ ಕಡಿದೀತೇ? ಇದನ್ನು ತಮ್ಮೊಡನೆ ಕೂಡಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬರಿಯ ಮಾತಿನಲ್ಲಿ ವಿಚಾರ ನಿಲ್ಲುವುದಿಲ್ಲ; ಅದಕ್ಕೊಂದು ಊರು ಬೇಕು, ಒಂದು ರೋಗ ಬೇಕು. ಊರು ಪಟ್ಟದಕಲ್ಲು ಇರಲಿ. ರೋಗ ಕ್ಷಯ ಇರಲಿ.

ಪಟ್ಟದಕಲ್ಲನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಮಲಪ್ರಭೆ ಉತ್ತರಕ್ಕೆ ಹರಿಯುವ ಎಡೆಯಲ್ಲಿ, ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷನ ಗುಡಿ ಇದೆ. 1987ರಲ್ಲಿ ಇಲ್ಲಿಯ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿದವು. ಪ್ರವಾಸಿಗರು ಗುಡಿ ನೋಡಿ ಮರಳುತ್ತಾರೆ; ಗುಡಿಯ ಆಸುಪಾಸಿನ ಊರನ್ನು ನೋಡುವವರು ವಿರಳ. ಈ ಸೀಮೆಯಲ್ಲಿ ಮಳೆಯನ್ನು ನಂಬಿದ ಒಕ್ಕಲುತನವಿದೆ. ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ. ಇಳಕಲ್ಲಿನಲ್ಲಿ ಸೀರೆಯ ಮಗ್ಗಗಳಿವೆ, ಗ್ರಾನೈಟ್ ಕಲ್ಲಿನ ಉದ್ಯೋಗವಿದೆ. ಮಳೆ ಕೈಕೊಟ್ಟ ವರ್ಷ ಕೂಲಿಕಾರರು ಮಕ್ಕಳುಮರಿ ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ಗುಳೆ ಹೋಗುತ್ತಾರೆ. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಒಪ್ಪಿಸಿದಾಗ, ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 26 ಉತ್ತರ ಕರ್ನಾಟಕದಲ್ಲಿಯೇ ಇದ್ದವು.

ಇನ್ನು ರೋಗದ ಮಾತು. ಕ್ಷಯದ ಕ್ರಿಮಿ ಗಾಳಿಯಲ್ಲಿ ಹರಡುತ್ತದೆ. ಅದು ಹೊಕ್ಕವರೆಲ್ಲರೂ ರೋಗಿಗಳಾಗುವುದಿಲ್ಲ. ಬಹುಪಾಲು ಜನರಲ್ಲಿ ದೇಹವು ಅದನ್ನು ಅಡಗಿಸಿ ಇಟ್ಟಿರುತ್ತದೆ. ಹೀಗೆ ಅಡಗಿಸುವ ಶಕ್ತಿ ಬರುವುದು ಊಟದಿಂದ. ಊಟ ಸಾಲದ ಮೈಯಲ್ಲಿ ಕ್ರಿಮಿ ತಲೆಯೆತ್ತುತ್ತದೆ. ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಆರು ಜನ ಮಲಗಿದರೆ ಒಬ್ಬರ ಕೆಮ್ಮು ಆರು ಜನರ ಪಾಲಾಗುತ್ತದೆ. ಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ಧೂಳು ವರ್ಷಗಟ್ಟಲೆ ಪುಪ್ಪುಸದಲ್ಲಿ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಬೇನೆ ಬರುತ್ತದೆ; ಅದು ಬಂದವರಿಗೆ ಕ್ಷಯದ ಭಯವೂ ಹೆಚ್ಚು. ಹೀಗೆ ತಟ್ಟೆ, ಮನೆ, ಕೆಲಸ ಈ ಮೂರೂ ಕೂಡಿ ರೋಗಕ್ಕೆ ದಾರಿ ಮಾಡಿಕೊಡುತ್ತವೆ.

ಇದು ಬರಿಯ ಊಹೆಯಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಂಗಡಿಗರೊಡನೆ ಝಾರ್ಖಂಡದಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿದರು. ಅದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕೆಲವು ಕಡೆ ಕ್ಷಯರೋಗಿಗಳ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ವದ ಗುಳಿಗೆಗಳನ್ನು ಕೊಟ್ಟರು. ಹಾಗೆ ಪಡೆದ ಮನೆಗಳಲ್ಲಿ, ಪಡೆಯದ ಮನೆಗಳಿಗಿಂತ, ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಬೇಳೆಯ ಚೀಲವೂ ಔಷಧದ ಕೆಲಸ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

"ಇರಬಹುದು, ಆದರೆ ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ದವಾಖಾನೆಗೇ ಹೋಗುವುದಿಲ್ಲ" ಎಂದು ತಾವು ಹೇಳಬಹುದು. ಈ ಮಾತಿಗೂ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಹುಡುಕಿ ಮಾತನಾಡಿಸಿದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು 1963ರಲ್ಲಿ ಅದನ್ನು ಪ್ರಕಟಿಸಿದರು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ತಾವಾಗಿ ದವಾಖಾನೆಗೆ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಹೆಚ್ಚಾಗಿ ದೊರೆತದ್ದು ಕೆಮ್ಮಿನ ಔಷಧದ ಒಂದು ಶೀಶೆ. ರೋಗಿ ಬಾಗಿಲು ಬಡಿದಿದ್ದ, ಒಳಗಿನವರು ಗುರುತಿಸಲಿಲ್ಲ. ಅರವತ್ತು ವರ್ಷಗಳ ಹಿಂದಿನ ಈ ಪಾಠವನ್ನು ಇಂದಿನ ಫೋನಿನ ಮಾತಿಗೂ ಹೊಂದಿಸಿ ನೋಡಬೇಕು.

ದೂರದಿಂದ ಚಿಕಿತ್ಸೆ ಎಂಬುದು ನಮ್ಮಲ್ಲಿ ತೀರ ಹೊಸದಲ್ಲ. ಈ ಶತಮಾನದ ಆರಂಭದಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಕೋವಿಡ್ ಬಂದ 2020ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರ ದೂರಚಿಕಿತ್ಸೆಗೆ ನಿಯಮಗಳನ್ನು ಗೊತ್ತುಪಡಿಸಿತು. ಈಗ ಇ-ಸಂಜೀವಿನಿ ಎಂಬ ಸರಕಾರಿ ಸೇವೆ ಎರಡು ಬಗೆಯಲ್ಲಿ ನಡೆದಿದೆ. ಒಂದರಲ್ಲಿ ರೋಗಿಯೇ ತನ್ನ ಫೋನಿನಿಂದ ಡಾಕ್ಟರರನ್ನು ಕಾಣುತ್ತಾನೆ. ಇನ್ನೊಂದರಲ್ಲಿ ರೋಗಿ ಊರ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾನೆ. ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ರಕ್ತದೊತ್ತಡ ಅಳೆದು, ಲಕ್ಷಣಗಳನ್ನು ಕೇಳಿ ಬರೆದು, ದೂರದ ಡಾಕ್ಟರರಿಗೆ ಪರದೆಯ ಮೇಲೆ ತೋರಿಸುತ್ತಾರೆ. ಎರಡಕ್ಕೂ ರೋಗಿ ರೊಕ್ಕ ಕೊಡಬೇಕಿಲ್ಲ.

ಪುಕ್ಕಟೆ ಎಂದಮೇಲೆ ಬಡವರಿಗೆ ಅಡ್ಡಿಯೇನು? ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸೋಣ. ಮೊದಲನೆಯದು ಫೋನು. ಮನೆಯಲ್ಲಿ ಒಂದೇ ಇದ್ದರೆ ಅದು ಗಂಡಸಿನ ಕಿಸೆಯಲ್ಲಿ ಹೊಲಕ್ಕೆ ಹೋಗಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ನೂರಕ್ಕೆ 35, ಗಂಡಸರು 62. ಎರಡನೆಯದು ಅಕ್ಷರ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಹೆಂಗಸರಲ್ಲಿ ಓದು ಬಲ್ಲವರು ನೂರಕ್ಕೆ ಸುಮಾರು 58 ಮಾತ್ರ. ಹೆಸರು ತುಂಬು, ಓಟಿಪಿ ಅಂಕಿ ಹಾಕು ಎಂದು ಪರದೆ ಕೇಳಿದರೆ ಉಳಿದವರು ಯಾರ ಮುಖ ನೋಡಬೇಕು? ಮೂರನೆಯದು ಮರ್ಯಾದೆ. ಓದುವ ಮಗನನ್ನೋ ಪಕ್ಕದ ಮನೆಯವರನ್ನೋ ನಡುವೆ ಇಟ್ಟುಕೊಂಡು ಹೆಣ್ಣುಮಗಳೊಬ್ಬಳು ತನ್ನ ಬೇನೆಯನ್ನು ಬಿಚ್ಚಿ ಹೇಳಲಾರಳು. ನಾಲ್ಕನೆಯದು, ಎಲ್ಲಕ್ಕಿಂತ ಎತ್ತರದ ಮೆಟ್ಟಿಲು: ಕಫವನ್ನು ಫೋನಿನಲ್ಲಿ ಕಳಿಸಲು ಬರುವುದಿಲ್ಲ. ಅದನ್ನು ಪರೀಕ್ಷೆಗೆ ಒಯ್ದು ಕೊಡಲೇಬೇಕು; ಎದೆಯ ಕ್ಷಕಿರಣ ಚಿತ್ರ ತೆಗೆಸಬೇಕು. ಪಟ್ಟದಕಲ್ಲಿನಿಂದ ತಾಲೂಕಿನ ಊರಾದ ಬಾದಾಮಿ ಸುಮಾರು 22 ಕಿಲೋಮೀಟರ್. ಹೋಗಿಬಂದರೆ ಆ ದಿನದ ಕೂಲಿ ಹೋದಂತೆಯೇ. ಜೊತೆಗೆ ಬಂದವರ ಕೂಲಿಯೂ ಹೋಯಿತು. 2023ರ ಜೂನ್ ತಿಂಗಳಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಹಣ ಉಳಿದಿದೆ. ಆರೋಗ್ಯ ಇಲಾಖೆಗೆ ಸೇರದ ಈ ಯೋಜನೆ ದವಾಖಾನೆಯ ದಾರಿಯ ಖರ್ಚನ್ನೂ ಇಳಿಸಿದೆ. ಆದರೆ ಹೋದ ಕೂಲಿಯನ್ನು ಬಸ್ಸು ತಂದುಕೊಡಲಾರದು.

ಹೀಗೆಂದು ಯಂತ್ರವನ್ನು ಹಳಿಯುವುದೂ ನ್ಯಾಯವಲ್ಲ. ಕ್ಷಯರೋಗಿಗಳ ದಾಖಲೆಗೆ 2012ರಿಂದ ನಿಕ್ಷಯ್ ಎಂಬ ಗಣಕ ವ್ಯವಸ್ಥೆ ಇದೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಔಷಧ ತಪ್ಪದೆ ಸೇವಿಸಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸಿ ಔಷಧಕ್ಕೆ ಬಗ್ಗದಂತಾಗಬಹುದು. ಬಾದಾಮಿಯ ಕಡೆಯ ಕೂಲಿಕಾರ ಮೂರನೆಯ ತಿಂಗಳಿಗೆ ಗೋವೆಗೆ ಗುಳೆ ಹೋದನೆಂದುಕೊಳ್ಳಿರಿ. ಮೊದಲಾಗಿದ್ದರೆ ಅವನ ಔಷಧ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಅವನ ದಾಖಲೆಯನ್ನು ಅಲ್ಲಿಯ ಕೇಂದ್ರಕ್ಕೆ ವರ್ಗಾಯಿಸಿ ಚಿಕಿತ್ಸೆ ಮುಂದುವರಿಸಬಹುದು. ಊಟಕ್ಕೆಂದು 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಯಿತು. ಆದರೆ ಆ ಹಣ ಬೀಳುವುದು ಬ್ಯಾಂಕಿನ ಖಾತೆಯಲ್ಲಿ. ಖಾತೆ ಇಲ್ಲದವನಿಗೆ, ಇದ್ದರೂ ದಾಖಲೆಯ ಹೆಸರು ಹೊಂದದವನಿಗೆ, ಹಸಿವು ತಡೆದರೂ ಹಣ ತಡವಾಗುತ್ತದೆ. ಯಾರಿಗೆ ಬೇಳೆ ಎಲ್ಲರಿಗಿಂತ ಹೆಚ್ಚು ಬೇಕೋ, ಅವನ ಕಾಗದಪತ್ರವೇ ಎಲ್ಲರಿಗಿಂತ ಹೆಚ್ಚು ಹರಕು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಫೋನು ಡಾಕ್ಟರರನ್ನು ಹತ್ತಿರ ತಂದಿತು. ಆದರೆ ರೋಗಿಯನ್ನು ಹತ್ತಿರ ತರಲು ಇನ್ನೊಬ್ಬ ಮನುಷ್ಯರೇ ಬೇಕು. ಆಶಾ ಕಾರ್ಯಕರ್ತೆ, ಆರೋಗ್ಯ ಕೇಂದ್ರದ ಸಿಬ್ಬಂದಿ, ಕಫದ ಡಬ್ಬಿಯನ್ನು ಪರೀಕ್ಷೆಗೆ ಮುಟ್ಟಿಸುವವರು, ಖಾತೆಯ ಹೆಸರು ತಿದ್ದಿಸಿಕೊಡುವವರು, ಇವರೆಲ್ಲ ಇದ್ದ ಕಡೆ ಯಂತ್ರ ಬಡವರ ಪರವಾಗಿ ದುಡಿಯುತ್ತದೆ. ಇವರಿಲ್ಲದ ಕಡೆ ಮೊದಲೇ ಅನುಕೂಲವಿದ್ದವರಿಗೆ ಇನ್ನೊಂದು ಅನುಕೂಲವಾಗಿ ನಿಲ್ಲುತ್ತದೆ.

ರೇಡಿಯೋ ಇದ್ದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1950ರ ಜನವರಿ 8ರಂದು ಧಾರವಾಡದ ನಿಲಯ ಆರಂಭವಾದಾಗ ರೇಡಿಯೋ ಇದ್ದ ಮನೆಗಳೇ ಕಡಿಮೆ. ಆದರೂ ಒಂದು ಪೆಟ್ಟಿಗೆಯ ದನಿಯನ್ನು ಕಟ್ಟೆಯ ಮೇಲೆ ಕುಳಿತವರೆಲ್ಲ ಕೇಳಬಹುದಿತ್ತು. ಅದಕ್ಕೆ ಅಕ್ಷರವೂ ಬೇಕಿರಲಿಲ್ಲ. ಫೋನಿನ ಸ್ವಭಾವ ಬೇರೆ. ಅದು ಒಬ್ಬರ ಕೈಯಲ್ಲಿ ಅಡಗಿ ಕುಳಿತಿರುತ್ತದೆ. ಅದನ್ನು ನಾಲ್ಕು ಜನರಿಗೆ ಉಪಯೋಗವಾಗುವಂತೆ ಮಾಡುವುದು ಉಳ್ಳವರ ಮನಸ್ಸಿಗೆ ಬಿಟ್ಟದ್ದು.

ಆದುದರಿಂದ ಇಷ್ಟನ್ನು ಮಾಡಿರಿ. ತಮ್ಮ ಮನೆಯ ಕೆಲಸಕ್ಕೆ ಬರುವವರಿಗೆ, ಅಂಗಡಿಯ ಆಳಿಗೆ, ಓಣಿಯಲ್ಲಿ ಮನೆ ಕಟ್ಟುತ್ತಿರುವ ಗೌಂಡಿಗೆ ಎರಡು ವಾರ ಮೀರಿ ಕೆಮ್ಮಿದ್ದರೆ, ಸರಕಾರಿ ದವಾಖಾನೆಯಲ್ಲಿ ಕಫದ ಪರೀಕ್ಷೆಯೂ ಕ್ಷಯದ ಔಷಧವೂ ಪುಕ್ಕಟೆ ಎಂದು ತಿಳಿಸಿರಿ. ಪರೀಕ್ಷೆಗೆ ಹೋದ ದಿನದ ಕೂಲಿಯನ್ನು ಮುರಿಯಬೇಡಿರಿ. ಅವರಿಗೆ ಫೋನು ಬಾರದಿದ್ದರೆ 1800-11-6666 ಎಂಬ ನಿಕ್ಷಯ್ ಸಹಾಯವಾಣಿಗೆ ತಾವೇ ಹಚ್ಚಿಕೊಟ್ಟು, ಅವರನ್ನು ಮಾತನಾಡಲು ಬಿಟ್ಟು ದೂರ ಸರಿದು ನಿಲ್ಲಿರಿ. ಬ್ಯಾಂಕಿನ ಪುಸ್ತಕ ಸರಿಯಿದೆಯೇ ಎಂದು ಒಮ್ಮೆ ನೋಡಿಕೊಡಿರಿ. ಇದು ದಾನವಲ್ಲ, ಒಂದೇ ಗಾಳಿಯನ್ನು ಉಸಿರಾಡುವ ನೆರೆಹೊರೆಯವರ ನಡುವಿನ ವ್ಯವಹಾರ.