ಒಡ್ಡನ್‌ಛತ್ರದ ತಲೆಲೆಕ್ಕ

ದಿಂಡಿಗಲ್ಲಿನಿಂದ ಪಳನಿಗೆ ಹೋಗುವ ಹಾದಿಯಲ್ಲಿ ಸಿಗುವ ಊರು ಒಡ್ಡನ್‌ಛತ್ರಂ. ಇಲ್ಲಿನ ಮಾರುಕಟ್ಟೆಯಿಂದ ಕೇರಳಕ್ಕೆ ತರಕಾರಿ ಲಾರಿಗಟ್ಟಲೆ ಹೋಗುತ್ತದೆ. 2021ರ ಚುನಾವಣೆ ಮುಗಿದ ಮೇಲೆ ನಾನು ಹೋದಾಗ ತಕ್ಕಡಿಯವನೊಬ್ಬ ತಮಿಳಿನಲ್ಲಿ ದರ ಕೂಗುತ್ತ, ಪಕ್ಕದವನನ್ನು ಮನೆಗನ್ನಡದಲ್ಲಿ ಲೆಕ್ಕ ಕೇಳುತ್ತಿದ್ದ. ಈ ಸೀಮೆಯಿಂದ ಕಂಬಂ ಕಣಿವೆಯವರೆಗೆ ಕಪ್ಪಿಲಿಯರು, ಅನುಪ್ಪರು ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ಶಾಸಕರು ಯಾರೆಂದು ಕೇಳಿದೆ. "ಆರು ಸಲಾನೂ ಅವ್ರೇ ಅಲ್ವ ಸ್ವಾಮಿ!" ಅಂದ.

ಅವರು ಡಿಎಂಕೆಯ ಆರ್. ಸಕ್ಕರಪಾಣಿ. 1996ರಿಂದ 2021ರವರೆಗೆ ಸೋತದ್ದೇ ಇಲ್ಲ. ಪಕ್ಷಕ್ಕೆ 31 ಸ್ಥಾನ ಬಂದ 2001ರಲ್ಲೂ, ಬರೇ 23 ಬಂದ 2011ರಲ್ಲೂ ಗೆದ್ದರು.

2006ರಲ್ಲಿ ಅವರು ಸರ್ಕಾರಿ ಮುಖ್ಯ ಸಚೇತಕರಾದರು. ತಮಿಳಿನಲ್ಲಿ ಇದಕ್ಕೆ 'ಕೊರಡಾ' ಎನ್ನುತ್ತಾರೆ. ಕನ್ನಡದ ಕಿವಿಗೆ ಮರದ ಕೊರಡೇ ನೆನಪಾಗುತ್ತದೆ! 234ರ ಸದನದಲ್ಲಿ ಡಿಎಂಕೆಯವರು 96 ಮಂದಿ, ಮಿಕ್ಕದ್ದು ಮಿತ್ರಪಕ್ಷಗಳ ಬೆಂಬಲ. ತಲೆ ಎಣಿಸದೆ ಒಂದು ದಿನವೂ ಸಾಗದು.

ಆ ಎಣಿಕೆ ನ್ಯಾಯಾಲಯಕ್ಕೂ ಹೋಯಿತು. 2017ರ ಫೆಬ್ರುವರಿ 18ರಂದು ಪಳನಿಸ್ವಾಮಿ ಸರ್ಕಾರ 122–11ರಲ್ಲಿ ವಿಶ್ವಾಸಮತ ಗೆದ್ದಿತು. ವಿರೋಧವಾಗಿ ಕೈಯೆತ್ತಿದ ಹನ್ನೊಂದು ಮಂದಿ ಅಣ್ಣಾಡಿಎಂಕೆಯವರೇ. ನೆರೆಯ ತೇನಿ ಜಿಲ್ಲೆಯ ಬೋಡಿನಾಯಕನೂರಿನ ಪನ್ನೀರಸೆಲ್ವಂ ಅವರ ಮುಂದಾಳು. ಇವರನ್ನು ಅನರ್ಹಗೊಳಿಸಬೇಕೆಂದು ಸಕ್ಕರಪಾಣಿ ದಾವೆ ಹೂಡಿದರು. 2018ರಲ್ಲಿ ಮದ್ರಾಸ್ ಹೈಕೋರ್ಟ್ ತಳ್ಳಿಹಾಕಿತು. 2020ರಲ್ಲಿ ಸುಪ್ರೀಂ ಕೋರ್ಟ್ ನಿರ್ಧಾರವನ್ನು ಸ್ಪೀಕರಿಗೇ ಬಿಟ್ಟಿತು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಪಕ್ಷಾಂತರ ಕಾಯಿದೆಯ ಹಲ್ಲು ಎಷ್ಟು ಮೊಂಡೆಂಬುದು ನಮ್ಮ ಕರ್ನಾಟಕದವರಿಗೆ ಹೊಸದೇನಲ್ಲ.

2021ರ ಮೇಯಲ್ಲಿ ಆಹಾರ ಸಚಿವರಾದಾಗ ಮಾತ್ರ ಲೆಕ್ಕ ತಿರುಗಿ ನಿಂತಿತು. ಕೊರೋನಾ ಪರಿಹಾರದ 4,000 ರೂಪಾಯಿ, ಎರಡು ಕಂತಿನಲ್ಲಿ, ಸುಮಾರು 2 ಕೋಟಿ 7 ಲಕ್ಷ ಕಾರ್ಡಿಗೆ ಪಡಿತರ ಅಂಗಡಿಗಳ ಮೂಲಕವೇ ಹೋಯಿತು. 2011ರ ಜೂನ್‌ನಿಂದ ಅಕ್ಕಿ ಪುಕ್ಕಟೆ. ಉಗ್ರಾಣದಿಂದ ಲಾರಿಗೆ, ಲಾರಿಯಿಂದ ಅಂಗಡಿಗೆ, ಅಂಗಡಿಯಿಂದ ಚೀಲಕ್ಕೆ. ಕೈ ಬದಲಾದಲ್ಲೆಲ್ಲ ತೂಕ ಕರಗಬಹುದು. ಹಾಗಾಗಿ ಇನ್ನೊಬ್ಬರ ತಲೆ ಎಣಿಸುತ್ತಿದ್ದವರ ಇಲಾಖೆಯ ಮೂಟೆಯನ್ನು ಆಗ ಮಹಾಲೇಖಪಾಲರ ಲೆಕ್ಕಿಗರು ಎಣಿಸಬೇಕಾಯಿತು. ಆ ವರದಿ ಸದನಕ್ಕೆ, ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ.

ತಕ್ಕಡಿಯವನಿಗೆ ಇದನ್ನೆಲ್ಲ ಹೇಳಿದೆ. "ಅಂಗಡೀಲಿ ತೂಕ ಸರಿ ಇದ್ಯಾ, ಅದನ್ನ ಬರೀರಿ" ಅಂದವನೇ ನುಗ್ಗೆಕಾಯಿ ಕಟ್ಟಿನ ಕಡೆ ತಿರುಗಿದ.